ತಾರಸಿಯ ಮೇಲೆ ಕಟ್ಟಿದ ರಬ್ಬರ್ ಪಟ್ಟಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಒಂದು ರಬ್ಬರ್ ಪಟ್ಟಿ ಕಟ್ಟುತ್ತಿದ್ದೆ. ಸಂಡಿಗೆ ತಿರುವಿ ಹಾಕಲು ಬಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನಿಂತು ನೋಡಿದಳು. "ರಿಟೈರ್ ಆದ್ಮೇಲೂ ಆ ರಬ್ಬರ್ ನಿಮ್ಮನ್ನ ಬಿಡಲ್ವೇನ್ರೀ?" ಅಂದಳು. ಆಮೇಲೆ ಮೂರು ಸಲ ಕೆಮ್ಮಿದಳು. ಆ ಕೆಮ್ಮಿಗೋಸ್ಕರವೇ ಪಟ್ಟಿ ಕಟ್ಟುತ್ತಿದ್ದೇನೆ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ನಕ್ಕು ನಕ್ಕು ಇನ್ನೂ ನಾಲ್ಕು ಸಲ ಕೆಮ್ಮುತ್ತಿದ್ದಳು.

ನಾವು ಮೈಸೂರಿನ ಮೇಟಗಳ್ಳಿಯ ಮನೆ ಬಿಟ್ಟು ಇಲವಾಲದ ಕಡೆಗೆ ಬಂದದ್ದೇ ಅವಳ ಉಬ್ಬಸದ ಕಾರಣಕ್ಕೆ. ಅಲ್ಲಿ ಸುತ್ತ ಫ್ಯಾಕ್ಟರಿ, ರಾತ್ರಿ ಹೊತ್ತು ಬಾಯ್ಲರ್ ಹೊಗೆ, ಬೆಳಿಗ್ಗೆ ಕಿಟಕಿ ಕಂಬಿಯ ಮೇಲೆ ಕೈ ಆಡಿಸಿದರೆ ಮಸಿ. ಇಲ್ಲಿ ಹುಣಸೂರು ರಸ್ತೆಯಿಂದ ಒಳಗೆ ಬಂದರೆ ಹೊಲ, ನೀಲಗಿರಿ ತೋಪು, ಖಾಲಿ ಸೈಟು. ಆಕಾಶ ಶುಭ್ರವಾಗಿದ್ದ ದಿನ ತಾರಸಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಮೊದಲ ಮಳೆಗಾಲ, ಮೊದಲ ಚಳಿಗಾಲ ಬಹಳ ಚೆನ್ನಾಗಿ ಕಳೆಯಿತು. ಇನ್ಹೇಲರ್ ಎಲ್ಲಿಟ್ಟಿದ್ದಾಳೆ ಅಂತ ಅವಳಿಗೇ ಮರೆತಿತ್ತು. ಫೆಬ್ರವರಿ ಕೊನೆಗೆ ಮತ್ತೆ ಶುರುವಾಯಿತು.

"ಎದೆಗೆ ಹಗ್ಗ ಬಿಗಿದ ಹಾಗಾಗ್ತಿದೆ. ಹೊಗೆ ಇಲ್ಲ, ಧೂಳಿಲ್ಲ, ಆಕಾಶ ನೋಡಿ ಎಷ್ಟು ನೀಲಿಯಾಗಿದೆ. ಏನಿದು?" ಇದು ಅವಳ ಪ್ರಶ್ನೆ. ನಾವು ಮೊದಲು ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರನ್ನು ಬೈದೆವು. ಆಮೇಲೆ ಪಾರ್ಥೇನಿಯಂ ಗಿಡವನ್ನು. ಆಮೇಲೆ ಮಾವಿನ ಹೂವನ್ನು. ಮಾವಿನ ಹೂವು ಉದುರಿ ಕಾಯಿ ಕಚ್ಚಿತು, ಕೆಮ್ಮು ಹಾಗೇ ಇತ್ತು.

ನಾನು ಮೂವತ್ತೇಳು ವರ್ಷ ಒಂದು ಸಣ್ಣ ರಬ್ಬರ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಏನೇ ಆದರೂ ಬರೆದಿಡುವುದು ಅಭ್ಯಾಸ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇತ್ತಲ್ಲ, ಅದರಲ್ಲೇ ಅವಳ ಕೆಮ್ಮಿನ ಲೆಕ್ಕವನ್ನೂ ಬರೆಯತೊಡಗಿದೆ. ಎಷ್ಟು ಗಂಟೆಗೆ, ಎಷ್ಟು ಜಾಸ್ತಿ, ಬಿಸಿಲಾ ಮೋಡವಾ. ಆರು ವಾರ ಬರೆದ ಮೇಲೆ ಒಂದು ಭಾನುವಾರ ಕೂತು ನೋಡಿದೆ. ಬೆಳಿಗ್ಗೆ ಹತ್ತರ ತನಕ ಏನೂ ಇಲ್ಲ. ಮಧ್ಯಾಹ್ನ ಎರಡರಿಂದ ಐದರೊಳಗೆ ಜೋರು. ರಾತ್ರಿ ಊಟದ ಹೊತ್ತಿಗೆ ಸರಿ. ಮೋಡ ಮುಚ್ಚಿದ ದಿನ ಇಲ್ಲವೇ ಇಲ್ಲ. ಗುಡುಗಿ ಮಳೆ ಬಂದ ಮಾರನೇ ದಿನವೂ ಇಲ್ಲ.

ಬಿಸಿಲು ಏರಿದಂತೆ ಏರಿ, ಸೂರ್ಯ ಇಳಿದಂತೆ ಇಳಿಯುವ ಒಂದು ವಸ್ತು ನನಗೆ ಗೊತ್ತಿತ್ತು. ಅದರ ಜೊತೆ ನನ್ನ ಅರ್ಧ ಆಯಸ್ಸು ಕಳೆದಿದೆ. ಆದರೆ ಅದು ರಬ್ಬರಿನ ಶತ್ರು ಅಂತ ಗೊತ್ತಿತ್ತೇ ಹೊರತು, ಮನೆಯೊಳಗೆ ಬಂದು ಹೆಂಡತಿಯ ಎದೆ ಹಿಡಿಯುತ್ತದೆ ಅಂತ ಹೊಳೆದಿರಲಿಲ್ಲ.

1990ರ ಸುಮಾರಿನ ಮಾತು. ವಾಹನಗಳ ಕೀಲುಗಳಿಗೆ ಧೂಳು ಹೋಗದಂತೆ ಹಾಕುವ ರಬ್ಬರ್ ಬೂಟುಗಳನ್ನು ನಾವು ಮಾಡುತ್ತಿದ್ದೆವು. ಒಂದು ದಿನ ಇಡೀ ಲಾಟು ವಾಪಸ್ ಬಂತು. ಬಾಕ್ಸ್ ತೆಗೆದು ನೋಡಿದರೆ ಮಡಿಕೆ ಇದ್ದ ಕಡೆಯೆಲ್ಲ ಸಣ್ಣ ಸಣ್ಣ ಬಿರುಕು. ಅಡ್ಡಡ್ಡಕ್ಕೆ, ಒಂದರ ಪಕ್ಕ ಒಂದು, ಅಜ್ಜಿಯ ಮೊಣಕೈ ಚರ್ಮದ ಹಾಗೆ. ಚಪ್ಪಟೆ ಭಾಗದಲ್ಲಿ ಒಂದೂ ಇಲ್ಲ. ನಮ್ಮ ಫೋರ್‌ಮನ್ನರು ಮಾಲು ಇಲ್ಲಿಂದ ಹೋಗುವಾಗ ಚೆನ್ನಾಗಿಯೇ ಇತ್ತು ಅಂತ ಆಣೆ ಮಾಡಿದರು. ಬೆಂಗಳೂರಿನಿಂದ ಬಂದ ಹಿರಿಯ ಟೆಕ್ನಿಕಲ್ ಮನುಷ್ಯರೊಬ್ಬರು ಗೋಡೌನ್ ಸುತ್ತಿ, ಗೋಡೆಯ ಆ ಕಡೆ ವೆಲ್ಡಿಂಗ್ ಮಾಡುವುದನ್ನು ನೋಡಿ, ಮೂಗಿನಿಂದ ಒಮ್ಮೆ ಉಸಿರೆಳೆದು "ಓಝೋನ್" ಅಂದರು. ವೆಲ್ಡಿಂಗ್ ಕಿಡಿ, ಮೋಟಾರಿನ ಬ್ರಷ್ ಕಿಡಿ, ಮಿಂಚು, ಇವೆಲ್ಲ ಗಾಳಿಯ ಆಕ್ಸಿಜನ್ನನ್ನು ಒಡೆದು ಓಝೋನ್ ಮಾಡುತ್ತವೆ. ಹಳೆಯ ಜೆರಾಕ್ಸ್ ಅಂಗಡಿಗಳಲ್ಲಿ ಮೂಗಿಗೆ ಚುರುಕ್ ಅನ್ನುವ ಒಂದು ವಾಸನೆ ಬರುತ್ತಿತ್ತಲ್ಲ, ಅದೇ. ಹೆಸರೇ ಗ್ರೀಕ್ ಭಾಷೆಯ 'ವಾಸನೆ ಬರು' ಎನ್ನುವ ಪದದಿಂದ ಬಂದದ್ದು.

ಆಗ ಪೇಪರಿನಲ್ಲೆಲ್ಲ ಓಝೋನ್ ಪದರದಲ್ಲಿ ತೂತು ಅಂತ ಸುದ್ದಿ. ಆ ಪದರವನ್ನು ಉಳಿಸುವ ಮಾಂಟ್ರಿಯಲ್ ಒಪ್ಪಂದವಾಗಿ ಎರಡು ಮೂರು ವರ್ಷ ಆಗಿತ್ತು. ಫೋರ್‌ಮನ್ನರು ತಲೆ ಕೆರೆದುಕೊಂಡು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಅಲ್ಲಿ ಅದಕ್ಕೇ ತೂತು ಬಿದ್ದಿದೆ ಅಂತಾರೆ, ಇಲ್ಲಿ ಬಂದು ನಮ್ಮ ಮಾಲಿಗೆ ತೂತು ಹಾಕ್ತಿದೆ. ಎರಡೂ ಒಂದೇನಾ ಸಾರ್?" ಒಂದೇ. ಮೂರು ಆಕ್ಸಿಜನ್ ಪರಮಾಣು ಸೇರಿದ ಅದೇ ವಸ್ತು. ಅಲ್ಲಿ ಇರಬೇಕಾದದ್ದು, ಇಲ್ಲಿ ಇರಬಾರದ್ದು.

ಸತ್ಯ ಹೇಳಬೇಕೆಂದರೆ ವೆಲ್ಡಿಂಗ್ ಒಂದೇ ಕಾರಣವಲ್ಲ. ಖರ್ಚು ಉಳಿಸಲು ನಾವು ಆ ಲಾಟಿನಲ್ಲಿ ಮೇಣ ಕಡಿಮೆ ಹಾಕಿದ್ದೆವು. ರಬ್ಬರಿಗೆ ಬೆರೆಸಿದ ಮೇಣ ನಿಧಾನವಾಗಿ ಮೇಲಕ್ಕೆ ಬಂದು ತೆಳ್ಳಗೆ ಒಂದು ಪೊರೆ ಕಟ್ಟಿ ಓಝೋನನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಓಝೋನ್ ರಬ್ಬರಿನ ಸರಪಳಿಗಳನ್ನು ಕತ್ತರಿ ಹಾಕಿದ ಹಾಗೆ ತುಂಡು ಮಾಡುತ್ತದೆ. ಎಳೆದು ಹಿಡಿದ ಕಡೆ ಮಾತ್ರ ಬಿರುಕು ಬಾಯಿ ಬಿಡುತ್ತದೆ. ಹಳೇ ರಬ್ಬರ್ ಟ್ಯೂಬು ಬಗ್ಗಿದ ಜಾಗದಲ್ಲೇ ಸೀಳುವುದು ನೋಡಿರುತ್ತೀರಿ.

ಆಮೇಲೆ ನಮ್ಮಲ್ಲಿಗೂ ಓಝೋನ್ ಚೇಂಬರ್ ಬಂತು. ರಬ್ಬರನ್ನು ನೂರಕ್ಕೆ ಇಪ್ಪತ್ತರಷ್ಟು ಎಳೆದು, ನಲವತ್ತು ಡಿಗ್ರಿ ಬಿಸಿಯಲ್ಲಿ, ಮೂರು ದಿನ ಒಳಗಿಟ್ಟು, ಭೂತಗನ್ನಡಿಯಲ್ಲಿ ಬಿರುಕು ಹುಡುಕುವುದು. ಒಳಗಿನ ಓಝೋನ್ ಎಷ್ಟಿರಬೇಕು ಗೊತ್ತಾ? ಗಾಳಿಯ ಹತ್ತು ಕೋಟಿ ಪಾಲಿನಲ್ಲಿ 50 ಪಾಲು. ಅಷ್ಟೇ. ಅಷ್ಟಕ್ಕೇ ಚೇಂಬರ್ ಬಾಗಿಲು ತೆರೆಯುವ ಮುಂಚೆ ಎಕ್ಸಾಸ್ಟ್ ಹಾಕಿ ಕಾಯಬೇಕು ಅಂತ ಗೋಡೆಗೆ ಬೋರ್ಡು. ಈಗ ಇನ್ನೊಂದು ಲೆಕ್ಕ ಕೇಳಿ. ನಮ್ಮ ದೇಶದಲ್ಲಿ 2009ರಿಂದ ಇರುವ ನಿಯಮದ ಪ್ರಕಾರ ಊರಿನ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿ ಓಝೋನ್ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಅದನ್ನು ನನ್ನ ಚೇಂಬರಿನ ಭಾಷೆಗೆ ತಿರುಗಿಸಿದರೆ ಹತ್ತು ಕೋಟಿಯಲ್ಲಿ ಸುಮಾರು 5. ಅಂದರೆ ಟಯರಿನ ರಬ್ಬರನ್ನು ಹಿಂಸೆ ಕೊಟ್ಟು ಪರೀಕ್ಷಿಸುವ ಪೆಟ್ಟಿಗೆಯ ಹತ್ತನೇ ಒಂದು ಪಾಲು. ನಮ್ಮ ಶ್ವಾಸಕೋಶಕ್ಕೆ ಮೇಣದ ಪೊರೆ ಬೇರೆ ಇಲ್ಲ.

ಆದರೆ ಇಲವಾಲದ ಹೊಲದ ಮಧ್ಯೆ ಓಝೋನ್ ಎಲ್ಲಿಂದ ಬರಬೇಕು? ಇಲ್ಲಿ ವೆಲ್ಡಿಂಗ್ ಇಲ್ಲ, ಚಿಮಣಿ ಇಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅನಾನಸ್ ಹಣ್ಣಿನ ರುಚಿ ಯಾವುದರಿಂದ ಬರುತ್ತದೆ ಅಂತ ಸಂಶೋಧನೆ ಮಾಡುತ್ತಿದ್ದ ಒಬ್ಬ ರಸಾಯನಶಾಸ್ತ್ರಜ್ಞರು. ಹೆಸರು ಹಾಗನ್-ಸ್ಮಿಟ್, ಡಚ್ ಮೂಲದವರು, ಕ್ಯಾಲಿಫೋರ್ನಿಯಾದಲ್ಲಿ ಪ್ರೊಫೆಸರ್. 1943ರ ಜುಲೈನಲ್ಲಿ ಲಾಸ್ ಏಂಜಲೀಸ್ ಊರಿಗೆ ಕಣ್ಣುರಿಸುವ ಮಬ್ಬು ಕವಿದಾಗ ಜನ ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆ ಅಂದುಕೊಂಡಿದ್ದರಂತೆ. ಆಮೇಲೆ ಒಂದು ಫ್ಯಾಕ್ಟರಿಯ ಮೇಲೆ ತಪ್ಪು ಹಾಕಿದರು. ಅದು ಕೆಲಸ ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಹಾಗನ್-ಸ್ಮಿಟ್ ಅನಾನಸ್ ಪಕ್ಕಕ್ಕಿಟ್ಟು ಊರಿನ ಗಾಳಿಯನ್ನೇ ಹೀರಿ ತಣ್ಣಗೆ ಮಾಡಿದರು. ಕೆಲವು ಹನಿ ಕೆಟ್ಟ ವಾಸನೆಯ ಕಂದು ದ್ರವ ಸಿಕ್ಕಿತು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿದ್ದು ಇದು: ಕಾರಿನ ಹೊಗೆ, ಪೆಟ್ರೋಲ್ ಆವಿ, ಬಿಸಿಲು, ಮೂರೂ ಸೇರಿದರೆ ಓಝೋನ್ ಹುಟ್ಟುತ್ತದೆ. ಅದನ್ನು ಅಳೆಯಲು ಅಲ್ಲಿ ಬಳಸಿದ ಒಂದು ಉಪಾಯ ಏನು ಅಂತೀರಿ? ಬಗ್ಗಿಸಿದ ರಬ್ಬರ್ ಪಟ್ಟಿ! ಎಷ್ಟು ಹೊತ್ತಿಗೆ ಬಿರುಕು ಬರುತ್ತದೆ ಅಂತ ನೋಡುವುದು. ಇದನ್ನು ಓದಿದ ದಿನ ನನಗೆ ಊರಿನವರೇ ಅಲ್ಲಿ ಸಿಕ್ಕಿದಷ್ಟು ಖುಷಿಯಾಯಿತು.

ಇದು ನಡೆಯುವ ರೀತಿ ಹೀಗೆ. ಎಲ್ಲಿ ಜೋರಾಗಿ ಬೆಂಕಿ ಉರಿಯುತ್ತದೋ, ಬಾಯ್ಲರ್, ಡೀಸೆಲ್ ಜನರೇಟರ್, ಲಾರಿ ಎಂಜಿನ್, ಅಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ನೇ ಸುಟ್ಟು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇಂಧನ ಎಷ್ಟು ಒಳ್ಳೆಯದಾದರೂ ಇದು ತಪ್ಪಿದ್ದಲ್ಲ. ಬಿಸಿಲು ಬಿದ್ದಾಗ ನೈಟ್ರೋಜನ್ ಡೈಆಕ್ಸೈಡ್ ಒಂದು ಆಕ್ಸಿಜನ್ನನ್ನು ಕೈಬಿಟ್ಟು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಆ ಒಂಟಿ ಆಕ್ಸಿಜನ್ ಗಾಳಿಯ ಆಕ್ಸಿಜನ್‌ಗೆ ಅಂಟಿ ಓಝೋನ್ ಆಗುತ್ತದೆ. ಸಾಮಾನ್ಯವಾಗಿ ಕೊಟ್ಟವನು ತಿರುಗಿ ಬಂದು ತನ್ನ ಆಕ್ಸಿಜನ್ ವಾಪಸ್ ಕಿತ್ತುಕೊಳ್ಳುತ್ತಾನೆ, ಸಾಲ ಚುಕ್ತಾ, ಓಝೋನ್ ಮಾಯ. ಆದರೆ ಪೆಟ್ರೋಲ್, ಥಿನ್ನರ್, ಟೊಲುವಿನ್ ಥರದ ಬೇಗ ಆವಿಯಾಗುವ ವಸ್ತುಗಳು ಗಾಳಿಯಲ್ಲಿದ್ದರೆ ಅವು ಮಧ್ಯೆ ಬಂದು ಆ ಸಾಲ ತೀರಿಸಿಬಿಡುತ್ತವೆ. ಕೊಟ್ಟವನಿಗೆ ಬೇರೆ ಕಡೆಯಿಂದ ಆಕ್ಸಿಜನ್ ಸಿಕ್ಕಿತು, ಅವನು ಓಝೋನಿನ ಹತ್ತಿರ ವಾಪಸ್ ಕೇಳುವುದಿಲ್ಲ. ಓಝೋನ್ ಉಳಿಯುತ್ತದೆ, ಬೆಳೆಯುತ್ತದೆ. ಇದಕ್ಕೆಲ್ಲ ಕೆಲವು ಗಂಟೆ ಬೇಕು. ಅಷ್ಟರಲ್ಲಿ ಗಾಳಿ ಆ ಬೆರಕೆಯನ್ನು ಊರಾಚೆ ತಂದಿರುತ್ತದೆ. ಬೇಸಿಗೆಯ ಮೊದಲ ಭಾಗದಲ್ಲಿ ನಮ್ಮಲ್ಲಿ ಪೂರ್ವದ ಗಾಳಿ ಜಾಸ್ತಿ. ಮೈಸೂರಿನ ಪಶ್ಚಿಮಕ್ಕೆ ಯಾರಿದ್ದಾರೆ? ನಾವೇ.

ಆ ಸಾಲ ತೀರಿಸುವ ಆವಿಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಇರುಸುಮುರುಸು.

ಲೋಹಕ್ಕೆ ರಬ್ಬರ್ ಅಂಟಿಸುವುದು ನಮ್ಮ ಫ್ಯಾಕ್ಟರಿಯ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಅದಕ್ಕೆ ಹಚ್ಚುವ ಅಂಟನ್ನು ಟೊಲುವಿನ್‌ನಲ್ಲಿ ಕಲಸಬೇಕು. ಸ್ಟೋರ್ಸ್‌ನಿಂದ ಇನ್ನೂರು ಲೀಟರಿನ ಬ್ಯಾರಲ್ ಬರುತ್ತಿತ್ತು. ಹುಡುಗರು ಅಗಲ ಬಾಯಿಯ ಟಿನ್ನಿನಲ್ಲಿ ಅಂಟು ಹಾಕಿಕೊಂಡು, ಬ್ರಷ್ ಅದ್ದಿ ಒಂದೊಂದೇ ಬುಷ್‌ಗೆ ಹಚ್ಚಿ, ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಒಣಗಿಸುತ್ತಿದ್ದರು. ಟಿನ್ನಿಗೆ ಮುಚ್ಚಳ ಇರುತ್ತಿತ್ತು. ಮುಚ್ಚುವವರು ಯಾರೂ ಇರಲಿಲ್ಲ. ಮುಚ್ಚಿ ತೆಗೆದು ಮಾಡಿದರೆ ದಿನಕ್ಕೆ ಐನೂರು ಪೀಸು ಕಡಿಮೆ ಆಗುತ್ತದೆ ಅಂತ ಲೆಕ್ಕ. ಊಟದ ಬೆಲ್ ಹೊಡೆದಾಗಲೂ ಟಿನ್ನು ಬಾಯಿ ತೆರೆದುಕೊಂಡೇ ಕೂತಿರುತ್ತಿತ್ತು. ವಾಪಸ್ ಬಂದಾಗ ಗಟ್ಟಿಯಾಗಿದ್ದರೆ ಇನ್ನೊಂದು ಚೊಂಬು ಟೊಲುವಿನ್ ಸುರಿಯುವುದು. ಸಂಜೆ ಕೈಗೆ ಅಂಟಿದ್ದನ್ನು ತೊಳೆಯುವುದೂ ಅದರಲ್ಲೇ. ತಲೆ ಗಿರ್ ಅನ್ನುತ್ತಿತ್ತು. ಬಾಗಿಲು ದೊಡ್ಡದಾಗಿ ತೆರೆಯಿರಿ ಅಂತ ಹೇಳಿದವನು ನಾನೇ. ಒಳಗಿನ ವಾಸನೆ ಹೊರಗೆ ಹೋದರೆ ಸಾಕಿತ್ತು.

ತಿಂಗಳ ಕೊನೆಗೆ ಸ್ಟೋರ್ಸ್ ರಿಜಿಸ್ಟರಿಗೆ ನಾನು ಸಹಿ ಹಾಕಬೇಕು. ಟೊಲುವಿನ್, ಎರಡು ಬ್ಯಾರಲ್, ಮುಂದಿನ ಕಾಲಂನಲ್ಲಿ 'ಖರ್ಚು'. ರಬ್ಬರ್ ಖರ್ಚಾದರೆ ಮಾಲಿನಲ್ಲಿ ಇರುತ್ತದೆ. ಗಂಧಕ ಖರ್ಚಾದರೆ ಮಾಲಿನಲ್ಲಿ ಇರುತ್ತದೆ. ಕಾರ್ಬನ್ ಬ್ಲಾಕ್ ಅರ್ಧ ಮಾಲಿನಲ್ಲಿ, ಅರ್ಧ ಹುಡುಗರ ಮೂಗಿನಲ್ಲಿ. ಟೊಲುವಿನ್ ಮಾಲಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ, ಉಳಿಯಲೂಬಾರದು, ಉಳಿದರೆ ಗುಳ್ಳೆ ಬರುತ್ತದೆ. ಹಾಗಾದರೆ ನಾನೂರು ಲೀಟರ್ ಎಲ್ಲಿ ಹೋಯಿತು? ಮೂವತ್ತೇಳು ವರ್ಷ ಸಹಿ ಹಾಕಿದ್ದೇನೆ. ಒಂದು ದಿನವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಕಪ್ಪು ಹೊಗೆ ಬಿಟ್ಟ ಬಾಯ್ಲರಿನ ಬಗ್ಗೆ ಮಾತ್ರ ತಕರಾರು ಬರುತ್ತಿತ್ತು. ಕಣ್ಣಿಗೆ ಕಾಣದೆ ಬಾಗಿಲಿನಿಂದ ನಡೆದು ಹೋದದ್ದರ ಬಗ್ಗೆ ಯಾರ ತಕರಾರೂ ಇರಲಿಲ್ಲ.

ನಮ್ಮದೊಂದೇ ಅಲ್ಲ ಬಿಡಿ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ, ಆ ಕಡೆ ಕಡಕೊಳ, ನಂಜನಗೂಡು, ಎಲ್ಲ ಕಡೆ ಸಣ್ಣ ಶೆಡ್‌ಗಳಿವೆ. ಬಣ್ಣ ಹೊಡೆಯುವವರು, ಪ್ರಿಂಟಿಂಗ್ ಮಾಡುವವರು, ಎಣ್ಣೆ ಜಿಡ್ಡು ತೊಳೆಯುವವರು. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಮೂಗಿಗೆ ಬರುವ ವಾಸನೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಮಂಡ್ಯ ಕಡೆ ಕಬ್ಬಿನ ತರಗಿಗೆ ಹಾಕುವ ಬೆಂಕಿ, ಊರಾಚೆ ಕಸಕ್ಕೆ ಹಾಕುವ ಬೆಂಕಿ, ಅದರಲ್ಲಿ ನೈಟ್ರೋಜನ್ ಆಕ್ಸೈಡು, ಆವಿ ಎರಡೂ ಸಾಮಾನು ಒಟ್ಟಿಗೇ ಸಿಗುತ್ತವೆ. ಗಿಡಮರಗಳೂ ಇಂಥ ಆವಿ ಬಿಡುತ್ತವೆ, ನಮ್ಮ ಮನೆ ಹಿಂದಿನ ನೀಲಗಿರಿ ತೋಪಂತೂ ಬಿಸಿಲಿಗೆ ಘಮ್ಮೆನ್ನುತ್ತದೆ. ಆದರೆ ಬರೀ ತೋಪಿನಿಂದ ಇಷ್ಟು ಓಝೋನ್ ಹುಟ್ಟುವುದಿಲ್ಲ, ಊರಿನಿಂದ ನೈಟ್ರೋಜನ್ ಆಕ್ಸೈಡ್ ಬಂದು ಸೇರಬೇಕು. ಮರವನ್ನು ಬೈಯಬೇಡಿ ಅಂತ ಹೇಳಿದೆ ಅಷ್ಟೇ.

ಇನ್ನು ನನ್ನ ಯೆಜ್ಡಿ ಬೈಕು. ಮೈಸೂರಿನವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಇತ್ತು. ಕಿಕ್ಕರೂ ಗೇರೂ ಒಂದೇ ಲಿವರ್, ಎರಡು ಸೈಲೆನ್ಸರ್. ನಾನು ಸೆಕೆಂಡ್ ಹ್ಯಾಂಡ್ ತಗೊಂಡು ಹದಿನಾರು ವರ್ಷ ಓಡಿಸಿದೆ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಆ ಎಂಜಿನ್ನಿನ ಸ್ವಭಾವವೇ ಹಾಗೆ, ಹೊಸ ಪೆಟ್ರೋಲ್ ಒಳಗೆ ಬರುವಾಗ ಒಂದಷ್ಟು ಉರಿಯದೆಯೇ ಹಿಂದಿನ ಬಾಗಿಲಿನಿಂದ ಆಚೆ ಹೋಗಿಬಿಡುತ್ತದೆ. "ನೀವು ಬರೋದಕ್ಕೆ ಮುಂಚೆ ನಿಮ್ಮ ಹೊಗೆ ಬರ್ತಿತ್ತು" ಅಂತ ಇವಳು ಈಗಲೂ ಹೇಳುತ್ತಾಳೆ. ಅದರ ದುಗುದುಗು ಸದ್ದು ಕೇಳಿದರೆ ನನಗೆ ಇವತ್ತೂ ಕಿವಿ ನಿಮಿರುತ್ತದೆ. ಓಝೋನ್ ಬಗ್ಗೆ ಬರೆಯುತ್ತಿರುವವನು ಹೀಗೆ ಹೇಳಬಾರದೇನೋ. ಹೇಳಿಬಿಟ್ಟೆ.

ಸರಿ, ಪಟ್ಟಿಗೆ ಬರೋಣ. ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿ ಮೇಣವಾಗಲೀ ಓಝೋನ್ ತಡೆಯುವ ಔಷಧಿಯಾಗಲೀ ಹಾಕದ ನ್ಯಾಚುರಲ್ ರಬ್ಬರ್ ಶೀಟ್ ಒಂದನ್ನು ಪ್ರೆಸ್ ಮಾಡಿಸಿಕೊಂಡೆ. ಎರಡು ಮಿಲಿಮೀಟರ್ ದಪ್ಪ, ಜೇನಿನ ಬಣ್ಣ. ಬೆರಳಗಲದ ಮೂರು ಪಟ್ಟಿ ಕತ್ತರಿಸಿ, ಕುದುರೆ ಲಾಳದ ಹಾಗೆ ಬಗ್ಗಿಸಿ, ಮರದ ತುಂಡಿಗೆ ಮೊಳೆ ಹೊಡೆದೆ. ಒಂದು ನಮ್ಮ ತಾರಸಿಗೆ. ನೆರಳಿನಲ್ಲೇ ಇರಬೇಕು, ನೇರ ಬಿಸಿಲು ಬಿದ್ದರೆ ರಬ್ಬರ್ ಬೇರೆ ಥರ ಕೆಡುತ್ತದೆ, ಲೆಕ್ಕ ತಪ್ಪುತ್ತದೆ. ಎರಡನೆಯದು ಹಿನಕಲ್ ಹತ್ತಿರ ರಿಂಗ್ ರೋಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಗೆಳೆಯನ ಸೂರಿಗೆ. ದಿನಪೂರ್ತಿ ಲಾರಿ, ಬಸ್ಸು. ಮೂರನೆಯದು ನಮ್ಮ ಮನೆಯೊಳಗೆ, ಕನ್ನಡಕ ಇಡುವ ಕಪಾಟಿನ ಪಕ್ಕ.

ಗೆಳೆಯ ಪಂಥ ಕಟ್ಟಿದ. "ನನ್ನ ಅಂಗಡೀದೇ ಮೊದಲು ಸೀಳೋದು ನೋಡಿ ಸಾರ್. ಇಲ್ಲಿ ಮೂಗು ಒರೆಸಿದ್ರೆ ಕರವಸ್ತ್ರ ಕಪ್ಪಾಗುತ್ತೆ." ಒಂದು ಬೈಟು ಕಾಫಿ ಪಂಥ.

ನಮ್ಮ ತಾರಸಿಯ ಪಟ್ಟಿಯಲ್ಲಿ ಭೂತಗನ್ನಡಿಗೆ ಬಿರುಕು ಕಂಡದ್ದು ಎರಡನೇ ದಿನ ಸಂಜೆ. ಬಾಗಿದ ಬೆನ್ನಿನ ಮೇಲೆ, ಅಡ್ಡಕ್ಕೆ, ಕೂದಲೆಳೆಯಷ್ಟು. ಐದನೇ ದಿನ ಬರಿಗಣ್ಣಿಗೇ ಕಂಡಿತು. ಹತ್ತನೇ ದಿನ ಉಗುರಿನಿಂದ ಸವರಿದರೆ ಕರ ಕರ ಅನ್ನುತ್ತಿತ್ತು. ಹಿನಕಲ್‌ನ ಪಟ್ಟಿಯ ಮೇಲೆ ಕಪ್ಪು ಮಸಿ ಕೂತಿತ್ತು, ಒರೆಸಿ ನೋಡಿದರೆ ಒಂಬತ್ತನೇ ದಿನಕ್ಕೆ ಮೊದಲ ಬಿರುಕು. ಮನೆಯೊಳಗಿನದು ಮೂರು ವಾರ ತಳ್ಳಿತು.

ಗೆಳೆಯನಿಗೆ ನಂಬಿಕೆ ಬರಲಿಲ್ಲ. ಲಾರಿ ಹೊಗೆಯಲ್ಲಿ ಹೊಸದಾಗಿ ಹೊರಬಂದ ನೈಟ್ರಿಕ್ ಆಕ್ಸೈಡ್ ಇರುತ್ತದೆ, ಅದು ಸಿಕ್ಕಿದ ಓಝೋನನ್ನು ತಿಂದು ಹಾಕುತ್ತದೆ, ಅದಕ್ಕೇ ಸಿಗ್ನಲ್ಲಿನಲ್ಲಿ ಓಝೋನ್ ಕಡಿಮೆ, ಊರಾಚೆ ಜಾಸ್ತಿ ಅಂತ ವಿವರಿಸಿದೆ. "ಅಂದ್ರೆ ನಿಮ್ಮ ಮನೆಗಿಂತ ನನ್ನ ಅಂಗಡಿ ಗಾಳೀನೇ ವಾಸಿ ಅಂತೀರಾ?" ಅಂತ ಕೇಳಿದ. ಹಾಗಲ್ಲಪ್ಪ. ನಿನ್ನ ಹತ್ತಿರ ಮಸಿ, ಹೊಗೆ, ಧೂಳು. ಆ ಹೊಗೆಯೇ ಅಡುಗೆಯಾಗಿ ನಮ್ಮ ಮನೆಗೆ ಬರುತ್ತದೆ. ಕಾಫಿ ಅವನೇ ಕೊಡಿಸಿದ. ಮೂರು ಪಟ್ಟಿ ಇಟ್ಟುಕೊಂಡು ಊರಿನ ಗಾಳಿಯ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ಕ್ಯಾಲೆಂಡರೂ ಪಟ್ಟಿಯೂ ಒಂದೇ ಮಾತು ಹೇಳಿದವು.

ಫೋನಿನಲ್ಲಿ ಸಮೀರ್ ಆ್ಯಪ್ ಇದೆ, ಮೈಸೂರಿನ ಗಾಳಿ ಅಳೆಯುವ ಕೇಂದ್ರ ಹೆಬ್ಬಾಳ ಒಂದನೇ ಹಂತದಲ್ಲಿದೆ. ಅದರಲ್ಲಿ ಎಲ್ಲ ಮಾಲಿನ್ಯಕ್ಕೂ ಸೇರಿ ಒಂದೇ ಅಂಕಿ ದೊಡ್ಡದಾಗಿ ಕಾಣುತ್ತದೆ. ಯಾವ ವಸ್ತುವಿನ ಸ್ಥಿತಿ ಅತಿ ಕೆಟ್ಟದಾಗಿದೆಯೋ ಅದರ ಅಂಕಿಯೇ ಊರಿನ ಅಂಕಿ. 50ರ ತನಕ ಉತ್ತಮ, 100ರ ತನಕ ಸಮಾಧಾನಕರ. ನಾನು ಆ ದೊಡ್ಡ ಅಂಕಿ ನೋಡುವುದು ಬಿಟ್ಟು ಒಳಗೆ ಹೋಗಿ ಓಝೋನಿನ ಗೆರೆ ನೋಡುತ್ತೇನೆ. ಬಿಸಿಲಿನ ದಿನ ಬೆಳಿಗ್ಗೆ ನೆಲಕ್ಕಂಟಿಕೊಂಡಿದ್ದು, ಮಧ್ಯಾಹ್ನ ಬೆಟ್ಟ ಹತ್ತಿ, ಸಂಜೆ ಇಳಿಯುತ್ತದೆ. ಒಂದು ಆಶ್ಚರ್ಯ ಏನೆಂದರೆ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಗುರಿಯೆಲ್ಲ ಧೂಳಿನ ಕಣಗಳ ಮೇಲೇ. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಆ ಪಟ್ಟಿಯಲ್ಲಿವೆ. ಮೈಸೂರು ಇಲ್ಲ. ನಾವು ಸ್ವಚ್ಛ ನಗರ ಅಲ್ವಾ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದವರು. ಕಸ ಗುಡಿಸಿದ್ದಕ್ಕೆ ಕೊಟ್ಟ ಅಂಕ ಅದು. ಗಾಳಿಯನ್ನು ಗುಡಿಸುವ ಪೊರಕೆ ಇಲ್ಲ.

ಲಾಕ್‌ಡೌನ್ ಏಪ್ರಿಲ್ ನೆನಪಿದೆಯಾ? 2020. ವಾಹನ ನಿಂತವು, ಫ್ಯಾಕ್ಟರಿ ನಿಂತವು. ದೇಶದ ಎಷ್ಟೋ ಊರುಗಳಲ್ಲಿ ನೈಟ್ರೋಜನ್ ಆಕ್ಸೈಡ್ ಗಣನೀಯವಾಗಿ ಇಳಿಯಿತು. ಓಝೋನ್ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ, ಕೆಲವು ಕಡೆ ಏರಿತು. ತಿನ್ನುವವನು ಇಲ್ಲದಿದ್ದರೆ ತಟ್ಟೆಯಲ್ಲಿ ಉಳಿಯುತ್ತದೆ, ಇನ್ನೇನು. ನೈಟ್ರೋಜನ್ ಆಕ್ಸೈಡನ್ನು ಮಾತ್ರ ಹಿಡಿದು ಆವಿಯನ್ನು ಬಿಟ್ಟರೆ ಈ ವಸ್ತು ಬಗ್ಗುವುದಿಲ್ಲ ಅಂತ ನನಗೆ ಅದರಿಂದಲೇ ಅರ್ಥವಾದದ್ದು. ಹೊಗೆ ಕಡಿಮೆ ಮಾಡುವ ಬಿಎಸ್ ಆರು ನಿಯಮದ ಗಾಡಿಗಳೂ ಅದೇ ತಿಂಗಳಿನಿಂದ ಕಡ್ಡಾಯವಾದವು, ಒಳ್ಳೆಯದೇ. ಆದರೆ ಬಾಯಿ ತೆರೆದ ಟಿನ್ನಿಗೆ ಬಿಎಸ್ ಆರು ಬರಲಿಲ್ಲ.

ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ನನ್ನ ಭಾಮೈದನಿಗೂ ಈ ಕಥೆ ಹೇಳಿದೆ. ಅಮೆರಿಕದಲ್ಲಿ ಹೊಗೆಸೊಪ್ಪಿನ ಎಲೆ ಮೇಲೆ ಬಿಳಿ ಚುಕ್ಕೆ ಬೀಳುವುದಕ್ಕೆ ಓಝೋನ್ ಕಾರಣ ಅಂತ 1959ರಲ್ಲಿ ಗೊತ್ತಾಯಿತು, ಓಝೋನ್ ಕಂಡುಹಿಡಿಯಲೆಂದೇ ಒಂದು ತಳಿಯ ಹೊಗೆಸೊಪ್ಪನ್ನು ಅಲ್ಲಲ್ಲಿ ನೆಡುತ್ತಿದ್ದರು. ಅವನು ತಕ್ಷಣ, "ಹಾಗಾದ್ರೆ ಭಾವ, ಹೋದ ವರ್ಷ ನನ್ನ ಸೊಪ್ಪಿಗೆ ಚುಕ್ಕೆ ಬಿದ್ದಿದ್ದು ನಿಮ್ಮ ಫ್ಯಾಕ್ಟರಿಯಿಂದ್ಲೇ. ದುಡ್ಡು ಕೊಡಿ" ಅಂದ. ಅವನ ಬೆಳೆ ಮಳೆಗಾಲದ್ದು, ಬಿಸಿಲು ಕಡಿಮೆ, ಗಾಳಿಯೂ ಆಗ ಪಶ್ಚಿಮದಿಂದ ಬೀಸುತ್ತದೆ. ಅವನ ಚುಕ್ಕೆ ಬೇರೆ ಯಾವುದೋ ರೋಗದ್ದು. "ಅಲ್ಲದೆ ನೀನು ಸೊಪ್ಪು ಒಣಗಿಸೋ ಬ್ಯಾರನ್‌ಗೆ ಸೌದೆ ಉರಿಸೋ ಕಾಲಕ್ಕೆ ಆ ಹೊಗೆ ನಮ್ಮ ಕಡೆಗೇ ಬರೋದು. ನೀನೇ ದುಡ್ಡು ಕೊಡ್ಬೇಕು" ಅಂದೆ. ಅಕ್ಕನ ಎದುರಿಗೆ ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಮಧ್ಯೆ ಒಂದು ತಮಾಷೆ ನಡೆಯಿತು. ಮನೆಯ ಗಾಳಿ ಶುದ್ಧ ಮಾಡುವ ಯಂತ್ರ ಅಂತ ಒಬ್ಬ ಹುಡುಗ ಮಾರಲು ಬಂದ. "ಆಂಟಿ, ಇದು ಓಝೋನ್ ಬಿಡುತ್ತೆ, ಮಳೆ ಬಂದ ಕಾಡಿನ ವಾಸನೆ ಬರುತ್ತೆ ನೋಡಿ" ಅಂತ ಸ್ವಿಚ್ ಹಾಕಿದ. ನನಗೆ ಹಳೆಯ ಚೇಂಬರಿನ ಬಾಗಿಲು ತೆರೆದ ಹಾಗಾಯಿತು. ಐದು ನಿಮಿಷಕ್ಕೆ ಇವಳು ಸೆರಗು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದಳು. ಪಾಪ, ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಕಾಫಿ ಕೊಟ್ಟು, ಕೂರಿಸಿಕೊಂಡು, ಮುರಿದ ಪಟ್ಟಿ ತೋರಿಸಿದೆ. ಬೇಗ ಎದ್ದು ಹೋದ.

ನಮ್ಮ ಮನೆಯಲ್ಲಿ ಬದಲಾದದ್ದು ಸ್ವಲ್ಪವೇ. ಸಂಡಿಗೆ, ಬಟ್ಟೆ, ಗಿಡದ ಕೆಲಸವೆಲ್ಲ ಬೆಳಿಗ್ಗೆ ಹತ್ತರೊಳಗೆ. ವಾಕಿಂಗ್ ಕೂಡ ಬೆಳಿಗ್ಗೆಯೇ. ಮಧ್ಯಾಹ್ನ ಒಂದರಿಂದ ಐದರ ತನಕ ಕಿಟಕಿ ಮುಚ್ಚುವುದು. ಸೆಖೆ ಆಗುತ್ತದೆ, ಫ್ಯಾನ್ ಹಾಕಿಕೊಳ್ಳುತ್ತೇವೆ. ಒಳಗೆ ಹೊರಗಿನ ಅರ್ಧದಷ್ಟೂ ಓಝೋನ್ ಇರುವುದಿಲ್ಲ, ಗೋಡೆ, ಪರದೆ, ಬಟ್ಟೆ ಎಲ್ಲ ಅದನ್ನು ಹೀರಿಕೊಳ್ಳುತ್ತವೆ. ನನ್ನ ಮೂರನೇ ಪಟ್ಟಿ ಅಷ್ಟು ದಿನ ಬದುಕಿದ್ದು ಅದಕ್ಕೇ. ಮಾಸ್ಕ್ ಹಾಕಿಕೊಂಡರೆ ಸಾಲದಾ ಅಂತ ಪಕ್ಕದ ಮನೆಯವರು ಕೇಳಿದರು. ಅದು ಧೂಳಿಗೆ ಸರಿ, ಇದು ಅನಿಲ, ಜರಡಿಯಲ್ಲಿ ನೀರು ಹಿಡಿದಂತೆ.

ಕಳೆದ ತಿಂಗಳು ಫ್ಯಾಕ್ಟರಿಗೆ ಫೋನ್ ಮಾಡಿದೆ. ನಾನು ಕೆಲಸ ಕಲಿಸಿದ ಹುಡುಗನೇ ಈಗ ಆ ರಿಜಿಸ್ಟರಿಗೆ ಸಹಿ ಹಾಕುವವನು.

"ಟೊಲುವಿನ್ ಈಗ ತಿಂಗಳಿಗೆ ಎಷ್ಟು ಹೋಗ್ತಿದೆಯಪ್ಪಾ?"

"ನಾಲ್ಕು ಬ್ಯಾರಲ್ ಸಾರ್. ಪ್ರೊಡಕ್ಷನ್ ಡಬಲ್ ಆಗಿದೆಯಲ್ಲ."

"ಟಿನ್ನಿಗೆ ಮುಚ್ಚಳ ಹಾಕ್ತಾರಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಯಾಕೆ ಸಾರ್, ಫೈರ್ ಇನ್ಸ್‌ಪೆಕ್ಷನ್ ಏನಾದ್ರೂ ಬರುತ್ತಾ?"

ಇಲ್ಲ, ಸುಮ್ನೆ ಕೇಳಿದೆ ಅಂದೆ. ಆಮೇಲೆ ಸುಮ್ಮನಿರಲಾಗದೆ ಎಲ್ಲ ಹೇಳಿದೆ. ಖರ್ಚು ಕಾಲಂ, ಪೂರ್ವದ ಗಾಳಿ, ಅಕ್ಕನ ಕೆಮ್ಮು, ಎಲ್ಲ. ಅವನು ನನ್ನ ಹೆಂಡತಿಯನ್ನು ಅಕ್ಕ ಅಂತಲೇ ಕರೆಯುವುದು. ನೀರಿನಲ್ಲಿ ಕಲಸುವ ಅಂಟು ಬಂದಿದೆ ಸಾರ್, ರೇಟು ಜಾಸ್ತಿ, ಮಾಲೀಕರನ್ನು ಕೇಳಿ ನೋಡುತ್ತೇನೆ ಅಂದ. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಅಂಟಿನ ಟಿನ್ನು, ಮುಚ್ಚಳದಲ್ಲಿ ಬ್ರಷ್ ಹೋಗುವಷ್ಟೇ ಅಗಲದ ತೂತು ಕೊರೆದಿದ್ದಾನೆ. ತೂತು ಸ್ವಲ್ಪ ದೊಡ್ಡದಾಯಿತು, ಚಿಕ್ಕದು ಮಾಡು ಅಂತ ಬರೆದೆ. ಹಳೇ ಚಾಳಿ.

ಈಗ ಜೂನ್. ಮೋಡ ಕವಿದಿದೆ, ಗಾಳಿ ಪಶ್ಚಿಮಕ್ಕೆ ತಿರುಗಿದೆ. ತಾರಸಿಯಲ್ಲಿ ಹೊಸ ಪಟ್ಟಿ ಕಟ್ಟಿ ಹದಿನಾರು ದಿನವಾಯಿತು. ಇವತ್ತು ಇವಳೇ ಭೂತಗನ್ನಡಿ ತಗೊಂಡು ಹೋಗಿ ನೋಡಿ ಬಂದು, "ಒಂದೂ ಗೆರೆ ಇಲ್ಲ ಕಣ್ರೀ" ಅಂದಳು. ಕ್ಯಾಲೆಂಡರಿನಲ್ಲಿ ಹಾಲು ಒಂದೂವರೆ ಲೀಟರ್ ಅಂತ ಬರೆದು, ಪಕ್ಕದಲ್ಲಿ ಒಂದು ಸೊನ್ನೆ ಹಾಕಿದಳು.